ಗ್ರೀಸಿನ ತವೆರ್ನಾ ಊಟ: ಏನು ತರಿಸಬೇಕು, ಯಾವ ಹೊತ್ತಿಗೆ

ಅಥೆನ್ಸಿನಲ್ಲಿ ಅಕ್ರೊಪೊಲಿಸ್ ಗುಡ್ಡದ ಬುಡಕ್ಕೇ ಪ್ಲಾಕಾ ಎಂಬ ಹಳೇ ಪೇಟೆ. ಅಲ್ಲಿನ ಎಷ್ಟೋ ತವೆರ್ನಾಗಳ, ಅಂದರೆ ಸಾದಾ ಊಟದ ಹೋಟೆಲುಗಳ ಮೆನುವಿನಲ್ಲಿ ಅರುವತ್ತು–ಎಪ್ಪತ್ತು ತಿನಿಸುಗಳ ಪಟ್ಟಿ, ಪಕ್ಕಕ್ಕೆ ಫೋಟೊ. ಅದನ್ನು ಮೇಲಿಂದ ಕೆಳಗೆ ಓದುತ್ತಾ ಕೂರುವುದು ದಂಡ. ಗ್ರೀಕ್ ಅಡುಗೆಮನೆ ನಡೆಯುವುದು ಎರಡು ಲೆಕ್ಕದಲ್ಲಿ. ಬೆಳಿಗ್ಗೆಯೇ ತಪ್ಪಲೆ, ಟ್ರೇಗಳಲ್ಲಿ ಮಾಡಿಟ್ಟದ್ದು ಮಯಿರೆಫ್ತಾ. ನೀವು ಹೇಳಿದ ಮೇಲೆ ಕೆಂಡಕ್ಕೋ ಬಾಣಲೆಗೋ ಬೀಳುವುದು 'ತಿಸ್ ಓರಸ್', ಅಂದರೆ ಆ ಹೊತ್ತಿನದು. ಮೊದಲನೆಯದನ್ನು ಮಧ್ಯಾಹ್ನ ತಿನ್ನಬೇಕು, ಎರಡನೆಯದನ್ನು ರಾತ್ರಿ. ಪ್ರವಾಸಿಗರು ಮಾಡುವುದು ಸರಿಯಾಗಿ ಉಲ್ಟಾ: ಮಧ್ಯಾಹ್ನ ಕೆಂಡದಲ್ಲಿ ಸುಟ್ಟ ಸುವ್ಲಾಕಿ, ರಾತ್ರಿ ಹತ್ತಕ್ಕೆ ಬೆಳಿಗ್ಗೆ ಮಾಡಿಟ್ಟ ಮುಸಾಕಾ.

ಮುಸಾಕಾದಿಂದಲೇ ಶುರು ಮಾಡೋಣ, ಹೆಚ್ಚು ಕೆಡುವುದೂ ಅದೇ. ತಳಕ್ಕೆ ಕೆಲವು ಕಡೆ ಆಲೂಗಡ್ಡೆ ಬಿಲ್ಲೆ, ಮೇಲೆ ಬದನೆಕಾಯಿ, ಅದರ ಮೇಲೆ ಟೊಮೆಟೊ–ಚಕ್ಕೆ ಹಾಕಿ ಬೇಯಿಸಿದ ಖೀಮಾ, ತುದಿಗೆ ಎರಡು ಬೆರಳು ದಪ್ಪ ಬೆಶಮೆಲ್, ಅಂದರೆ ಬೆಣ್ಣೆ, ಮೈದಾ, ಹಾಲು, ಮೊಟ್ಟೆಯ ಗಟ್ಟಿ ಸಾಸ್. ಈ ಬಿಳಿ ಪದರ ಪುರಾತನ ಗ್ರೀಸಿನದೇನಲ್ಲ. ಫ್ರೆಂಚ್ ಅಡುಗೆಯ ಒಲವಿದ್ದ ನಿಕೊಲಾವೊಸ್ ತ್ಸೆಲೆಮೆಂತೆಸ್ ಎಂಬ ಬಾಣಸಿಗ 1920ರ ದಶಕದಲ್ಲಿ ಬಳಕೆಗೆ ತಂದದ್ದು. ಆತನ ಹೆಸರು ಎಷ್ಟು ಮನೆಮಾತಾಯಿತೆಂದರೆ ಗ್ರೀಕರು ಅಡುಗೆ ಪುಸ್ತಕವನ್ನೇ 'ತ್ಸೆಲೆಮೆಂತೆಸ್' ಎನ್ನುತ್ತಾರೆ.

ಒಳ್ಳೆಯ ಮುಸಾಕಾ ಉಗುರುಬೆಚ್ಚಗೆ ಬರುತ್ತದೆ. ತಣ್ಣಗಾಗಿದೆ ಎಂದು ವಾಪಸ್ ಕಳಿಸಬೇಡಿ. ಒಲೆಯಿಂದ ಇಳಿಸಿದ ಮೇಲೆ ಮುಕ್ಕಾಲು ಗಂಟೆಯಾದರೂ ಬಿಡದಿದ್ದರೆ ಬೆಶಮೆಲ್ ಕಟ್ಟುವುದಿಲ್ಲ, ಕತ್ತರಿಸಿದ ತುಂಡು ತಟ್ಟೆಯಲ್ಲಿ ಕುಸಿಯುತ್ತದೆ. ಚೌಕ ನೆಟ್ಟಗೆ ನಿಂತಿದೆಯೇ, ಪಕ್ಕದಿಂದ ನೋಡಿದರೆ ಪದರಗಳು ಎಣಿಸುವಂತಿವೆಯೇ ನೋಡಿ. ಅಂಚು ಕೊತಕೊತ ಕುದಿಯುತ್ತಿದ್ದು ನಡುವೆ ತಣ್ಣಗಿದ್ದರೆ ಫ್ರಿಜ್‌ನಿಂದ ಮೈಕ್ರೋವೇವ್‌ಗೆ ಹೋಗಿ ಬಂದದ್ದು. ತಟ್ಟೆಯ ತಳದಲ್ಲಿ ಎಣ್ಣೆ ನಿಂತಿದ್ದರೆ ಬದನೆಕಾಯಿಗೆ ಉಪ್ಪು ಹಚ್ಚಿ ನೀರು ಬಿಡಿಸದೆ ಕರಿದಿದ್ದಾರೆ, ಇಲ್ಲವೇ ಕರಿದ ಮೇಲೆ ಎಣ್ಣೆ ಸೋರಲು ಬಿಟ್ಟಿಲ್ಲ. ಬದನೆಕಾಯಿ ಸ್ಪಂಜಿನಂತೆ ಎಣ್ಣೆ ಹೀರುತ್ತದೆ, ಒಲೆಯ ಶಾಖಕ್ಕೆ ಅದಷ್ಟನ್ನೂ ಕೆಳಗೆ ಬಿಡುತ್ತದೆ.

ಸಸ್ಯಾಹಾರಿಗಳಿಗೆ ಗ್ರೀಸಿನಲ್ಲಿ ಸಲಾಡ್ ಬಿಟ್ಟರೆ ಗತಿಯಿಲ್ಲ ಎನ್ನುವವರು ಲಾದೆರಾ ತಿಂದಿಲ್ಲ ಎಂದೇ ಅರ್ಥ. 'ಲಾದಿ' ಎಂದರೆ ಎಣ್ಣೆ. ಹುರುಳಿಕಾಯಿಯ ಫಸೊಲಾಕಿಯಾ, ಆಲೂಗಡ್ಡೆ–ಬದನೆ–ಜುಕಿನಿಯ ಬ್ರಿಯಾಮ್, ನಮ್ಮ ಡಬಲ್ ಬೀನ್ಸ್ ಹೋಲುವ ದೊಡ್ಡ ಕಾಳಿನ ಯಿಗಾಂತೆಸ್, ಎಲ್ಲವೂ ಟೊಮೆಟೊ ಮತ್ತು ಧಾರಾಳ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬೆಂದವು. ನೀರೆಲ್ಲ ಇಂಗಿ 'ತನ್ನ ಎಣ್ಣೆಯೊಂದಿಗೆ ಉಳಿಯಬೇಕು' ಎಂಬುದು ಅಲ್ಲಿನ ಹದ. ಎಣ್ಣೆಗಾಯಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುರುಳಿಕಾಯಿ ಪಲ್ಯದ ಹಾಗೆ ಹಸಿರಾಗಿ ಕರುಂ ಎನ್ನಬೇಕೆಂದು ಮಾತ್ರ ಬಯಸಬೇಡಿ. ಮೆತ್ತಗಾಗಿ ಬಣ್ಣಗೆಟ್ಟಿದ್ದರೇ ಅದು ಸರಿಯಾಗಿ ಬೆಂದಿದೆ. ಕೆಂಪು ನೀರು ತೇಲುತ್ತಿದ್ದರೆ ಅವಸರದ ಅಡುಗೆ. ಖಾರ ಇರುವುದಿಲ್ಲ. ಜೊತೆಗೊಂದು ತುಂಡು ಫೆಟಾ ಚೀಸ್ ತರಿಸಿಕೊಂಡರೆ ಉಪ್ಪು–ಹುಳಿ ಕೂಡಿ ಊಟ ಮೇಲೇಳುತ್ತದೆ.

ಯೆಮಿಸ್ತಾ ಎಂದರೆ ಟೊಮೆಟೊ, ದಪ್ಪಮೆಣಸಿನಕಾಯಿಯ ಒಳಗೆ ಅಕ್ಕಿ, ಪುದೀನ ತುಂಬಿ ಬೇಯಿಸಿದ್ದು. ಕೆಲವರು ಖೀಮಾ ಸೇರಿಸುತ್ತಾರೆ. ಮಾಂಸವಿಲ್ಲದ್ದಕ್ಕೆ 'ಒರ್ಫನಾ' ಎನ್ನುತ್ತಾರೆ, ಅಂದರೆ ಅನಾಥ! ಹಾಗೆಂದೇ ಕೇಳಿ. ಮೇಲಿನ ಟೊಪ್ಪಿ ಕಪ್ಪಗೆ ಸೀದಿದ್ದರೆ ಅದು ದೋಷವಲ್ಲ, ಅಕ್ಕಿ ಕಾಳುಕಾಳಾಗಿ ಹಲ್ಲಿಗೆ ಸಿಕ್ಕಿದರೆ ದೋಷ.

ಇಲ್ಲೊಂದು ಎಚ್ಚರ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆಗೆ ನಿಸ್ತಿಸಿಮೊ ಎಂದು ಹೆಸರು. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಎಲ್ಲೆಡೆ ಸಿಗುತ್ತದೆ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ ಎಂದು ನಮ್ಮವರು ಕಣ್ಣು ಮುಚ್ಚಿ ತರಿಸುತ್ತಾರೆ. ಆದರೆ ಸಿಗಡಿ, ಅಷ್ಟಪದಿ, ಬೊಂಡಾಸಗಳಿಗೆ ರಕ್ತವಿಲ್ಲವೆಂದು ಆ ಉಪವಾಸದಲ್ಲಿ ಅವು ನಡೆಯುತ್ತವೆ. ಆದ್ದರಿಂದ 'ಖೊರಿಸ್ ಕ್ರೆಯಸ್' (ಮಾಂಸ ಬೇಡ) ಎಂದರೂ ಸಾಲದು, ಕಡಲಿನದೂ ಬೇಡ ಎಂದು ಬಿಡಿಸಿ ಹೇಳಿ. ಇನ್ನೂ ಕಟ್ಟುನಿಟ್ಟಿನವರಿಗೆ: ಫೆಟಾ ಹೆಪ್ಪುಗಟ್ಟಲು ಸಾಂಪ್ರದಾಯಿಕವಾಗಿ ಬಳಸುವ ರೆನ್ನೆಟ್ ಎಳೆಮರಿಗಳ ಹೊಟ್ಟೆಯಿಂದ ಬಂದದ್ದು.

ಫೆಟಾ ಎಂದರೆ ಕನಿಷ್ಠ ಶೇ. 70 ಕುರಿಹಾಲು, ಉಳಿದದ್ದು ಮೇಕೆಹಾಲು, ಎರಡು ತಿಂಗಳಾದರೂ ಉಪ್ಪುನೀರಿನಲ್ಲಿ ಮಾಗಿದ್ದು. 2002ರಲ್ಲಿ ಐರೋಪ್ಯ ಒಕ್ಕೂಟ ಈ ಹೆಸರನ್ನು ಗ್ರೀಸಿಗೆ ಕಾದಿರಿಸಿತು, 2005ರಲ್ಲಿ ಒಕ್ಕೂಟದ ನ್ಯಾಯಾಲಯವೂ ಎತ್ತಿಹಿಡಿಯಿತು. ಹೊರ್ಯಾತಿಕಿ, ಅಂದರೆ ಹಳ್ಳಿ ಸಲಾಡ್‌ನ ಮೇಲೆ ಅದು ಪುಡಿಯಾಗಿ ಅಲ್ಲ, ಒಂದೇ ಹಲಗೆಯಾಗಿ ಕೂತಿರಬೇಕು, ಮೇಲೆ ಒಣ ಒರೆಗಾನೊ. ಕೆಳಗೆ ಟೊಮೆಟೊ, ಸೌತೆಕಾಯಿ, ಈರುಳ್ಳಿ, ಹಸಿರು ದಪ್ಪಮೆಣಸು, ಆಲಿವ್. ಲೆಟ್ಯೂಸ್ ಎಲೆ ಕಂಡರೆ ಟೊಮೆಟೊ ಉಳಿಸಿದ್ದಾರೆ ಎಂದು ತಿಳಿಯಿರಿ. ತಳದಲ್ಲಿ ಕೂಡುವ ರಸ–ಎಣ್ಣೆಗೆ ಬ್ರೆಡ್ ಅದ್ದಿ ಒರೆಸಿ ತಿನ್ನುವುದಕ್ಕೆ ಪಪಾರಾ ಎಂಬ ಹೆಸರೇ ಇದೆ, ನಾಚಿಕೆ ಬೇಡ. ಜೂನ್‌ನಿಂದ ಸೆಪ್ಟೆಂಬರ್ ಇದರ ಕಾಲ. ಚಳಿಗಾಲದಲ್ಲಿ ಎಲೆಕೋಸು–ಗಜ್ಜರಿ ಸಲಾಡ್ ಅಥವಾ ಖೋರ್ತಾ ವಾಸಿ. ಖೋರ್ತಾ ಎಂದರೆ ಬೇಯಿಸಿದ ಸೊಪ್ಪು, ಮೇಲೆ ಎಣ್ಣೆ, ನಿಂಬೆ. ಬೇಸಿಗೆಯಲ್ಲಿ ಸಿಗುವ 'ವ್ಲೀತಾ' ನಮ್ಮ ಹರಿವೆ–ದಂಟಿನ ಜಾತಿಯದೇ.

ತ್ಸಾತ್ಸಿಕಿ ನೋಡಲು ಸೌತೆಕಾಯಿ ಮೊಸರು ಬಜ್ಜಿ, ಆದರೆ ಅನ್ನಕ್ಕೆ ಕಲಸುವಷ್ಟು ತೆಳ್ಳಗಿದ್ದರೆ ಸೋತಂತೆ. ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರು, ಹಿಂಡಿದ ಸೌತೆತುರಿ, ಹಸಿ ಬೆಳ್ಳುಳ್ಳಿ. ಚಮಚ ನೆಟ್ಟರೆ ನಿಲ್ಲಬೇಕು.

ಸಾಂತೊರಿನಿಯ ಫಾವಾ ಹೆಸರು ಕೇಳಿ ಫಾವಾ ಬೀನ್ಸ್ ಎಂದುಕೊಳ್ಳಬೇಡಿ. ಅದು ಆ ದ್ವೀಪದ ಬೂದಿಮಣ್ಣಿನಲ್ಲಿ ಬೆಳೆಯುವ ಬೇರೆಯೇ ಹಳದಿ ಬೇಳೆ, ತೊವ್ವೆಗಿಂತ ಗಟ್ಟಿಯಾಗಿ ಕಟೆದು ಹಸಿ ಈರುಳ್ಳಿ, ಎಣ್ಣೆ ಹಾಕಿ ಕೊಡುತ್ತಾರೆ. ಮೇಲ್ಮೈ ಕೆನೆಗಟ್ಟಿ ಬಿರುಕು ಬಿಟ್ಟಿದ್ದರೆ ನಿನ್ನೆಯದು. ಸಿಫ್ನೊಸ್ ದ್ವೀಪದಲ್ಲಿ ಭಾನುವಾರ ಇದ್ದರೆ ಬೇರೇನನ್ನೂ ನೋಡಬೇಡಿ, ರೆವಿಥಾದಾ ಕೇಳಿ: ಕಾಬೂಲಿ ಕಡಲೆ, ಈರುಳ್ಳಿ, ಎಣ್ಣೆಯನ್ನು ಮುಚ್ಚಳದ ಮಣ್ಣಿನ ಮಡಕೆಗೆ ತುಂಬಿ ಶನಿವಾರ ರಾತ್ರಿ ಸೌದೆ ಒಲೆಗೆ ಇಟ್ಟದ್ದು ಬೆಳಿಗ್ಗೆವರೆಗೂ ಬೇಯುತ್ತದೆ. ಸಂಜೆಗೆ ಹೋದರೆ ಮಡಕೆ ಖಾಲಿ.

ರಾತ್ರಿಗೆ ಕೆಂಡದ ಊಟ. ಅಥೆನ್ಸಿನಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸವನ್ನು ಕಲಮಾಕಿ ಎನ್ನುತ್ತಾರೆ. ಥೆಸಲೊನೀಕಿಗೆ ಹೋಗಿ ಕಲಮಾಕಿ ಕೇಳಿದರೆ ನಗುತ್ತಾರೆ, ಅಲ್ಲಿ ಅದು ಕುಡಿಯುವ ಸ್ಟ್ರಾ, ಮಾಂಸಕ್ಕೆ ಸುವ್ಲಾಕಿ ಎಂದೇ ಹೇಳಬೇಕು. ಯೀರೊ, ಅಂದರೆ ತಿರುಗುವ ಕಂಬಿಯಲ್ಲಿ ಸುಟ್ಟು ಹೆರೆದ ಮಾಂಸ, ಹೆಚ್ಚಾಗಿ ಹಂದಿಯದು, ಕೋಳಿ ಬೇಕಿದ್ದರೆ ಕೇಳಿ ಪಡೆಯಿರಿ. ಪೀತಾ ರೊಟ್ಟಿಯಲ್ಲಿ ಸುತ್ತಿದ್ದನ್ನು ಹತ್ತು ನಿಮಿಷದೊಳಗೆ ತಿನ್ನಿ, ಒಳಗಿನ ಫ್ರೈಸ್ ಮತ್ತು ತ್ಸಾತ್ಸಿಕಿ ಸೇರಿ ರೊಟ್ಟಿ ಮೆದುವಾಗುತ್ತದೆ. ಪಾರ್ಸೆಲ್‌ಗೆ ಹೇಳಿದ್ದಲ್ಲ.

ಮೀನಿಗೆ ಮೆನುವಿನಲ್ಲಿರುವುದು ಹಲವು ಸಲ ಕಿಲೋ ದರ. ತೂಗಿಸಿ, ಬೆಲೆ ಕೇಳಿ, ಆಮೇಲೆ ಒಲೆಗೆ ಹಾಕಿಸಿ. ಹೆಸರಿನ ಪಕ್ಕ ನಕ್ಷತ್ರ ಚಿಹ್ನೆಯೋ 'ಕತ್' ಎಂಬ ಗ್ರೀಕ್ ಅಕ್ಷರಗಳೋ ಇದ್ದರೆ ಸಾಮಾನ್ಯವಾಗಿ ಶೈತ್ಯೀಕರಿಸಿದ್ದು. ದೊಡ್ಡ ಮೀನಿನ ತಂಟೆಗೆ ಹೋಗದೆ ಸರ್ದೇಲೆಸ್ ತರಿಸುವುದು ಜಾಣತನ. ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನು, ಮಸಾಲೆಯಿಲ್ಲ, ಬರೀ ಉಪ್ಪು, ಕೆಂಡ, ನಿಂಬೆ. ಮಂಗಳೂರಿನವರು ಮೊದಲ ತುತ್ತಿಗೆ ಮೂಗು ಮುರಿದರೂ ಆರನೆಯದಕ್ಕೆ ಒಪ್ಪಿಕೊಳ್ಳುತ್ತಾರೆ.

ಇಬ್ಬರಿಗೆ ಒಂದು ಸಲಾಡ್, ಒಂದು ತ್ಸಾತ್ಸಿಕಿ ಅಥವಾ ಫಾವಾ, ಒಂದು ಲಾದೆರಾ, ಒಂದು ಮಾಂಸವೋ ಮೀನೋ ಸಾಕು. ಎಲ್ಲವೂ ಮೇಜಿನ ನಡುವೆ, ಎಲ್ಲರದೂ. ಕೇಳದೆಯೇ ಬರುವ ಬ್ರೆಡ್‌ಗೆ ಬಿಲ್ಲಿನಲ್ಲಿ ತಲೆಗೆ 1 ಯೂರೋ ಆಸುಪಾಸು ಸೇರಿರಬಹುದು, ಬೇಡವಾದರೆ ಬಂದ ಕೂಡಲೇ ಹೇಳಿ. ರಸೀತಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಿಲ್ಲ ಎಂದು ಮೆನುವಿನಲ್ಲೇ ಅಚ್ಚು ಹಾಕಿರುತ್ತಾರೆ. ಕೇಳುವವರೆಗೆ ಬಿಲ್ ತರುವುದಿಲ್ಲ, ಅದು ಉದಾಸೀನವಲ್ಲ, ಎಬ್ಬಿಸಬಾರದೆಂಬ ಮರ್ಯಾದೆ. 'ತೊ ಲೊಗರ್ಯಾಸ್ಮೊ' (ಬಿಲ್ ಕೊಡಿ) ಎಂದಮೇಲೂ ಐದು ನಿಮಿಷ ಕೂತಿರಿ: ಎಷ್ಟೋ ಕಡೆ ಬಿಲ್ಲಿನ ಜೊತೆಗೆ ಕಲ್ಲಂಗಡಿ ಹೋಳೋ, ಮೊಸರಿನ ಮೇಲೆ ಹಣ್ಣಿನ ಪಾಕವೋ ಬರುತ್ತದೆ, ಅದಕ್ಕೆ ದುಡ್ಡಿಲ್ಲ.