ತಂತಿ ಕಚ್ಚಿಕೊಳ್ಳುವುದು ಎಲ್ಲಿ? ಗಿಟಾರ್ ನಟ್ ಮತ್ತು ಹೆಡ್‌ಸ್ಟಾಕ್‌ಗಳ ಹೋಲಿಕೆ

ಬೆಂಡ್ ಮಾಡಿ (ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಸ್ವರ ಏರಿಸಿ) ಬಿಟ್ಟ ಮೇಲೆ ಜಿ ತಂತಿಯ ಶ್ರುತಿ ಇಳಿದರೆ ಹೆಚ್ಚಿನವರು ಮೊದಲು ಅನುಮಾನಿಸುವುದು ಟ್ಯೂನರನ್ನು, ಅಂದರೆ ತಂತಿ ಬಿಗಿಯುವ ಕಿವಿಯನ್ನು. ಆದರೆ ಬಹಳ ಸಲ ತಪ್ಪು ನಟ್‌ನದ್ದೇ, ಅಂದರೆ ಫ್ರೆಟ್‌ಬೋರ್ಡ್‌ನ ತುದಿಯಲ್ಲಿ ತಂತಿಗಳು ಸಣ್ಣ ಸೀಳುಗಳಲ್ಲಿ (ಸ್ಲಾಟ್) ಕೂರುವ ಪಟ್ಟಿಯದ್ದು. ಬೆಂಡ್ ಮಾಡುವಾಗ ತಂತಿ ನಟ್ ದಾಟಿ ಬ್ರಿಡ್ಜ್ (ಇನ್ನೊಂದು ತುದಿಯ ಆಧಾರ) ಕಡೆಗೆ ಕೊಂಚ ಜಾರುತ್ತದೆ. ಬಿಟ್ಟಾಗ ಹಿಂದಕ್ಕೆ ಹೋಗದೆ ಸ್ಲಾಟ್‌ನಲ್ಲೇ ಕಚ್ಚಿಕೊಂಡರೆ ಶ್ರುತಿ ಇಳಿದೇ ಇರುತ್ತದೆ. ಟ್ರೆಮೊಲೊ ಬಾರ್ (ಬ್ರಿಡ್ಜನ್ನು ಅಲುಗಿಸಿ ಶ್ರುತಿ ಬದಲಿಸುವ ಸಲಾಕೆ) ಒತ್ತಿ ಬಿಟ್ಟಾಗ ಇದೇ ಉಲ್ಟಾ: ಶ್ರುತಿ ಏರಿ ನಿಲ್ಲುತ್ತದೆ. ಬೆಂಡ್ ಆದ ಮೇಲೆ ನಟ್‌ಗೂ ಟ್ಯೂನರ್‌ಗೂ ನಡುವೆ ತಂತಿಯನ್ನು ಬೆರಳಿನಿಂದ ಒತ್ತಿ ಬಿಡಿ. ಶ್ರುತಿ ಮೇಲಕ್ಕೆ ಬಂದರೆ ಕಳ್ಳ ನಟ್ ಎಂದು ಖಚಿತ.

ಕೆಳಗಿನ ಮಾತೆಲ್ಲ 10–46 ತಂತಿ ಸೆಟ್ (ಅತಿ ತೆಳುವಾದದ್ದು 0.010 ಇಂಚು, ಅತಿ ದಪ್ಪದ್ದು 0.046) ಹಾಕಿ ನೋಡಿದ್ದು.

ಮೊದಲು ಹೆಡ್‌ಸ್ಟಾಕ್, ಅಂದರೆ ಟ್ಯೂನರ್‌ಗಳು ಕೂರುವ ತಲೆಭಾಗ. ಗಿಬ್ಸನ್ ಲೆಸ್ ಪಾಲ್‌ನಲ್ಲಿ ಅದು ಸಾಮಾನ್ಯವಾಗಿ 17 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಕೆಲವು ಕಾಲದವುಗಳಲ್ಲಿ 14. ಟ್ಯೂನರ್ ಕಂಬ ತಂತಿಯನ್ನು ಮೇಲೆತ್ತುವುದರಿಂದ ತಂತಿ ನಿಜವಾಗಿ ಬಾಗುವ ಕೋನ ಇದಕ್ಕಿಂತ ಕಡಿಮೆ. ಕೋನ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಘರ್ಷಣೆಯ ಗುಣಾಂಕ 0.2 ಎಂದಿಟ್ಟುಕೊಂಡರೆ, 14 ಡಿಗ್ರಿ ಬಾಗಿದ ತಂತಿ ಜಾರುವ ಮುನ್ನ ನಟ್‌ನ ಎರಡು ಕಡೆಗಳ ಎಳೆತದಲ್ಲಿ ಸುಮಾರು 5 ಶೇಕಡಾ ವ್ಯತ್ಯಾಸ ಉಳಿಯಬಹುದು. ಶ್ರುತಿಯ ಲೆಕ್ಕದಲ್ಲಿ ಅದು ಗರಿಷ್ಠ 42 ಸೆಂಟ್ (ಒಂದು ಫ್ರೆಟ್‌ನ ಅಂತರ 100 ಸೆಂಟ್). ಕೋನ 5 ಡಿಗ್ರಿಗೆ ಇಳಿದರೆ 15 ಸೆಂಟ್. ಇದರ ಮೇಲೆ ಮೂರು ಮತ್ತು ಮೂರು ಟ್ಯೂನರ್ ಜೋಡಣೆಯಲ್ಲಿ ಡಿ, ಜಿ ತಂತಿಗಳು ನಟ್ ದಾಟಿದ ಕೂಡಲೇ ಪಕ್ಕಕ್ಕೂ ತಿರುಗಿ ಸ್ಲಾಟ್‌ನ ಗೋಡೆಗೆ ಒರಗುತ್ತವೆ. ಜಿ ತಂತಿ ಅಷ್ಟು ಕಾಡುವುದಕ್ಕೆ ದೊಡ್ಡ ಕಾರಣ ಇದು.

ಫೆಂಡರ್ ಸ್ಟ್ರಾಟ್ ಮಾದರಿಯ ನೇರ (ಹಿಂದಕ್ಕೆ ವಾಲದ) ಹೆಡ್‌ಸ್ಟಾಕ್‌ನಲ್ಲಿ ಆರೂ ತಂತಿ ಪಕ್ಕಕ್ಕೆ ತಿರುಗದೆ ಹೋಗುತ್ತವೆ, ಅದೇ ಅದರ ದೊಡ್ಡ ಲಾಭ. ಕೊರತೆ ಏನೆಂದರೆ ಬಿ ಮತ್ತು ಮೇಲಿನ (ಅತಿ ತೆಳುವಾದ) ಇ ತಂತಿಗಳಿಗೆ ಕೆಳಮುಖ ಒತ್ತಡ ಸಾಲದೆ ಸ್ಲಾಟ್‌ನಲ್ಲಿ ಗಿರಗುಟ್ಟುತ್ತವೆ. ಅದಕ್ಕೇ ತಂತಿಯನ್ನು ಕೆಳಗೆ ಒತ್ತಿ ಹಿಡಿಯುವ ಕೊಕ್ಕೆ, ಸ್ಟ್ರಿಂಗ್ ಟ್ರೀ. ಆದರೆ ಅದೂ ಒಂದು ಉಜ್ಜುವ ಜಾಗವೇ. ಕಂಬಗಳ ಎತ್ತರ ಹಂತಹಂತವಾಗಿ ಇಳಿಯುವ ಟ್ಯೂನರ್ ಹಾಕಿದರೆ ಟ್ರೀಯನ್ನು ತೆಗೆದೇ ಬಿಡಬಹುದು. ಟ್ರೆಮೊಲೊ ಬಳಸುವವರಿಗೆ ನನ್ನ ಮೊದಲ ಆಯ್ಕೆ ಇದು. ಇನ್ನೊಂದು ಮಾತು: ತಿರುಗುಮುರುಗು ಹೆಡ್‌ಸ್ಟಾಕ್ (ದಪ್ಪ ತಂತಿಯ ಟ್ಯೂನರ್ ನಟ್‌ನಿಂದ ಅತಿ ದೂರ ಇರುವಂತೆ ಮಗುಚಿದ್ದು) ಹಾಕಿದರೆ ಕೆಳಗಿನ (ಅತಿ ದಪ್ಪ) ಇ ತಂತಿ ಬಿಗಿಯಾಗುತ್ತದೆ ಎಂಬುದು ನಿಜವಲ್ಲ. ಅದೇ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ), ಅದೇ ತಂತಿ, ಅದೇ ಶ್ರುತಿ ಎಂದರೆ ಅದೇ ಎಳೆತ. ನಟ್ ಹಿಂದೆ ತಂತಿ ಉದ್ದವಿದ್ದರೆ ಬೆಂಡ್‌ಗೆ ಇನ್ನೊಂದಿಷ್ಟು ದೂರ ತಳ್ಳಬೇಕು, ಅಷ್ಟೇ.

ಇನ್ನು ನಟ್. ಟೊಳ್ಳು ಪ್ಲಾಸ್ಟಿಕ್ಕಿನದು ಮೆತ್ತಗಿದ್ದು ಪ್ಲೇನ್ (ಮೇಲೆ ಲೋಹದ ಸುತ್ತಿಲ್ಲದ) ತಂತಿ ಬೇಗ ಒಳಗಿಳಿಯುತ್ತದೆ, ಬದಲಿಸಿದರೆ ಸರಿ. ಮೂಳೆ ಗಟ್ಟಿ, ಸ್ಲಾಟ್ ಚೆನ್ನಾಗಿ ಕೊರೆದು ನುಣುಪು ಮಾಡಿದರೆ ಸ್ಥಿರ ಬ್ರಿಡ್ಜ್‌ಗೆ ಇದಕ್ಕಿಂತ ಹೆಚ್ಚಿನದು ಬೇಡ. ಟೆಫ್ಲಾನ್ ಬೆರೆಸಿದ ಟಸ್ಕ್ ಎಕ್ಸ್‌ಎಲ್ ಅದಕ್ಕಿಂತ ಸಲೀಸಾಗಿ ಜಾರುತ್ತದೆ. ವಾಲಿದ ಹೆಡ್‌ಸ್ಟಾಕ್‌ನ ಜಿ ತಂತಿಯಲ್ಲಿ ವ್ಯತ್ಯಾಸ ಕೈಗೆ ಸಿಗುತ್ತದೆ, ನೇರ ಹೆಡ್‌ಸ್ಟಾಕ್‌ನಲ್ಲಿ ಅಷ್ಟಾಗಿ ಇಲ್ಲ. ತಂತಿ ಸಣ್ಣ ಉರುಳೆಗಳ ಮೇಲೆ ಸಾಗುವ ರೋಲರ್ ನಟ್ ಒಳ್ಳೆಯದೇ, ಆದರೆ ಕೂರಿಸಲು ಮರ ಕೊರೆಯಬೇಕಾಗಬಹುದು, ದಪ್ಪ ತಂತಿಗಳಿಗೆ ಹೊಂದುತ್ತದೆಯೇ ಎಂದೂ ನೋಡಬೇಕು. ಝೀರೋ ಫ್ರೆಟ್ (ನಟ್‌ನ ಮುಂದೆಯೇ ಕೂರಿಸಿದ ಹೆಚ್ಚುವರಿ ಫ್ರೆಟ್) ಇದ್ದರೆ ನಟ್ ತಂತಿಗಳ ಅಂತರ ಕಾಯುವ ಕೆಲಸ ಮಾತ್ರ ಮಾಡುತ್ತದೆ; ತೆರೆದ ತಂತಿಯೂ ಒತ್ತಿದ ತಂತಿಯೂ ಲೋಹದ ಮೇಲೇ ನಿಲ್ಲುವುದರಿಂದ ನಾದ ಒಂದೇ ತರಹ ಕೇಳುತ್ತದೆ. ಆದರೆ ಆ ಫ್ರೆಟ್ ಸವೆದು ಗೀರು ಬೀಳುತ್ತದೆ.

ತಂತಿಗಳನ್ನು ತಿರುಪಿನಿಂದ ಬಿಗಿದಿಡುವ ಫ್ಲಾಯ್ಡ್ ರೋಸ್ ಮಾದರಿಯ ಲಾಕಿಂಗ್ ನಟ್ ಈ ತಲೆನೋವನ್ನೇ ಇಲ್ಲವಾಗಿಸುತ್ತದೆ: ತಂತಿ ಜಾರುವ ಪ್ರಶ್ನೆಯೇ ಇಲ್ಲ. ತಿರುಪು ಬಿಗಿಯುವಾಗ ಶ್ರುತಿ ಏರಿದರೆ ತಂತಿ ನಟ್‌ನ ಮೇಲೆ ಸರಿಯಾಗಿ ಒರಗಿಲ್ಲ ಎಂದರ್ಥ. ನೇರ ಹೆಡ್‌ಸ್ಟಾಕ್‌ನಲ್ಲಿ ಅದಕ್ಕೇ ಹಿಂದೆ ತಂತಿ ಒತ್ತುವ ಪಟ್ಟಿ ಬೇಕು. ಲಾಕ್ ಮಾಡುವ ಮೊದಲು ಫೈನ್ ಟ್ಯೂನರ್‌ಗಳನ್ನು (ಬ್ರಿಡ್ಜ್‌ನಲ್ಲಿರುವ ಸಣ್ಣ ಶ್ರುತಿ ತಿರುಪುಗಳನ್ನು) ಮಧ್ಯಕ್ಕೆ ತಂದಿಡಿ. ಬಾರ್ ಬಳಸದವರಿಗೆ ಇದು ಬರೀ ರಗಳೆ.

ಯಾವ ನಟ್ ಆದರೂ ಸ್ಲಾಟ್ ಕೆಟ್ಟರೆ ಎಲ್ಲ ಕೆಟ್ಟಂತೆ. 9–42ಕ್ಕೆ ಕೊರೆದ ಸ್ಲಾಟ್‌ಗೆ 10–46 ಹಾಕಿದರೆ ಶ್ರುತಿ ಮಾಡುವಾಗ ಟಿಂಗ್ ಎಂಬ ಸದ್ದು ಬರುತ್ತದೆ. ಅದು ತಂತಿ ಸಿಕ್ಕಿ ಜಿಗಿಯುವ ಸದ್ದು. 0.017 ಇಂಚಿನ ಜಿ ತಂತಿಗೆ 0.019ರಿಂದ 0.020 ಅಗಲ ಸಾಕು. ಅರವನ್ನು ಟ್ಯೂನರ್ ಕಡೆಗೆ ಇಳಿಜಾರಾಗಿ ಹಿಡಿದು, ತಂತಿ ಹೋಗುವ ದಿಕ್ಕಿನಲ್ಲೇ ಉಜ್ಜಿ. ಸ್ಲಾಟ್‌ನ ಅತಿ ಎತ್ತರದ ಜಾಗ ಫ್ರೆಟ್‌ಬೋರ್ಡ್ ಕಡೆಯ ಅಂಚೇ ಆಗಿರಬೇಕು. ಹಿಂದೆ ಉಳಿದರೆ ತೆರೆದ ತಂತಿ ಸಿತಾರ್‌ನಂತೆ ಝೇಂಕರಿಸುತ್ತದೆ. ಆಳ ನೋಡಲು ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ: ಮೊದಲ ಫ್ರೆಟ್ ಮೇಲೆ ಕಾಗದ ತೂರುವಷ್ಟು ಸಂದು ಕಾಣಬೇಕು. ಹೆಚ್ಚಿದ್ದರೆ ಮೊದಲ ಫ್ರೆಟ್‌ನ ಸ್ವರಗಳು ಏರಿ ಕೇಳುತ್ತವೆ. ಸ್ವಲ್ಪವೂ ಇಲ್ಲದಿದ್ದರೆ ಹೊಸ ನಟ್ ತರಬೇಕಾದೀತು, ಆದ್ದರಿಂದ ಎರಡು ಸಲ ಉಜ್ಜಿದೊಡನೆ ತಂತಿ ಏರಿಸಿ ಅಳೆಯಿರಿ. ಕೊನೆಗೆ ಸ್ಲಾಟ್‌ಗೆ ಪೆನ್ಸಿಲ್ ಸೀಸದ ಪುಡಿ, ಕಂಬಕ್ಕೆ ಎರಡು ಮೂರು ಸುತ್ತು ತಂತಿ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ.