‘114 ಕಾರ್ಟೂನ್, ಒಂದೂ ಕತ್ತರಿಸಿಲ್ಲ’ ಎನ್ನುವ ಡಿವಿಡಿ ಪೆಟ್ಟಿಗೆಯ ಬಗ್ಗೆ ಎಚ್ಚರ

ಟಾಮ್ ಅಂಡ್ ಜೆರ್ರಿಯ ಹಳೆಯ ಕಾರ್ಟೂನುಗಳನ್ನು ಡಿವಿಡಿಯಲ್ಲಿ ಕೂಡಿಡುವ ಹುಚ್ಚು ಬಳ್ಳಾರಿ ಸೀಮೆಯಲ್ಲಿ ನನ್ನೊಬ್ಬನಿಗೇ ಇಲ್ಲ ಎಂಬುದು ಗೊತ್ತು. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಆರು ಡಿಸ್ಕುಗಳ ಪೆಟ್ಟಿಗೆಯೊಂದು ಮಾರಾಟಕ್ಕಿದೆ. ‘ಅಮೆರಿಕದ ಅಸಲಿ ಮಾಲು, 114 ಕಾರ್ಟೂನ್, ಒಂದೂ ಕತ್ತರಿಸಿಲ್ಲ’ ಎಂದು ಅದರ ಜಾಹೀರಾತು. ನಾನು ತೆತ್ತ ಬೆಲೆ 3,200 ರೂಪಾಯಿ. ನೀವು ಕೊಳ್ಳಬೇಡಿ.

114 ಎಂಬ ಲೆಕ್ಕ ಸುಳ್ಳಲ್ಲ. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಜಿಎಂ ಸ್ಟುಡಿಯೊದಲ್ಲಿ 1940ರಿಂದ 1958ರವರೆಗೆ ಮಾಡಿದ್ದು ಅಷ್ಟೇ. ಅವುಗಳಲ್ಲಿ ಏಳಕ್ಕೆ ಆಸ್ಕರ್ ಬಂದಿದೆ. ಮಾರಾಟಗಾರನಿಗೆ ಚರಿತ್ರೆ ಚೆನ್ನಾಗಿ ಗೊತ್ತು, ಅದಕ್ಕೇ ಮೋಸವೂ ಚೆನ್ನಾಗಿ ನಡೆಯುತ್ತದೆ.

ದುಡ್ಡು ಕೊಡುವ ಮೊದಲೇ ಡಿಸ್ಕಿನ ಹಿಂಬದಿಯ ಫೋಟೋ ಕೇಳಿದ್ದೆ. ಬೆಳ್ಳಿಯ ಹೊಳಪಿನ ಡಿಸ್ಕಿನ ಫೋಟೋ ಕಳಿಸಿದ. ಮನೆಗೆ ಬಂದವುಗಳ ಹಿಂಬದಿ ನೇರಳೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿವಿಡಿಯ ಹಿಂಬದಿ ಬೆಳ್ಳಿಯ ಬಣ್ಣಕ್ಕೋ ತೆಳು ಹೊಂಬಣ್ಣಕ್ಕೋ ಇರುತ್ತದೆ. ನಡುವಿನ ತೂತಿನ ಸುತ್ತ ಬರಿಗಣ್ಣಿಗೆ ಕಷ್ಟದಲ್ಲಿ ಕಾಣುವ ಸಂಕೇತದ ಅಕ್ಷರಗಳಿರುತ್ತವೆ. ಕಂಪ್ಯೂಟರಿನಲ್ಲಿ ಬರೆದ ಡಿಸ್ಕಿನ ಒಳಗೆ ಬಣ್ಣದ ಲೇಪವಿರುತ್ತದೆ, ಲೇಸರ್ ಆ ಬಣ್ಣವನ್ನೇ ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಕಾವಿಗೆ ಆ ಬಣ್ಣ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ತಗಡಿನ ಬೀರುವಿನಲ್ಲಿಟ್ಟರೆ, ಅಂಥ ಡಿಸ್ಕು ಮಕ್ಕಳ ಕಾಲದವರೆಗೆ ಉಳಿಯುತ್ತದೆ ಎಂದುಕೊಳ್ಳುವುದು ವ್ಯರ್ಥ.

ಇನ್ನೊಂದು ಗುಟ್ಟನ್ನು ನನ್ನ ಹಳೆಯ ಪ್ಲೇಯರ್ ಬಯಲು ಮಾಡಿತು. ಯಾವ ಡಿಸ್ಕು ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಎಂದು ಡಿವಿಡಿಗಳಿಗೆ ವಲಯದ ಸಂಖ್ಯೆ ಕೊಟ್ಟಿರುತ್ತಾರೆ. ಅಮೆರಿಕದ ಡಿವಿಡಿಗಳು ವಲಯ 1ಕ್ಕೆ ಸೇರಿದವು, ಭಾರತದ್ದು ವಲಯ 5. ನನ್ನ ಪ್ಲೇಯರ್ 5ಕ್ಕೇ ಬೀಗ ಹಾಕಿಕೊಂಡಿರುವುದು. ಅಮೆರಿಕದ ಡಿಸ್ಕು ಹಾಕಿದರೆ ಹೊರಗೆ ಉಗುಳುತ್ತದೆ. ಈ ‘ಅಮೆರಿಕದ ಅಸಲಿ ಮಾಲ’ನ್ನು ಮಾತ್ರ ತಕರಾರಿಲ್ಲದೆ ನುಂಗಿತು.

ಒಳಗೇನಿತ್ತು? ಯಾವುದೋ ದೇಶದ ಟಿವಿಯಿಂದ ಹಿಡಿದ ಚಿತ್ರಗಳು. ಚಾನೆಲ್ಲಿನ ಲಾಂಛನವನ್ನು ಮಸುಕು ಮಾಡಲು ಮೂಲೆಯಲ್ಲಿ ಒಂದು ಚೌಕ. ಜೆರ್ರಿ ಆ ಮೂಲೆಗೆ ಓಡಿದಾಗಲೆಲ್ಲ ಮಂಜಿನಲ್ಲಿ ಮರೆಯಾಗುತ್ತಾನೆ. 1950ರ ‘ಟೆಕ್ಸಾಸ್ ಟಾಮ್’ನಲ್ಲಿ ಟಾಮ್ ಸಿಗರೇಟು ಸುತ್ತಿ ಬೆಕ್ಕಿಣಿಯ ಮುಂದೆ ಗತ್ತು ತೋರಿಸುವ ಭಾಗವೇ ಇಲ್ಲ. ಧೂಮಪಾನದ ಇಂಥ ದೃಶ್ಯಗಳ ಬಗ್ಗೆ 2006ರಲ್ಲಿ ಬ್ರಿಟನ್ನಿನಲ್ಲಿ ದೂರು ಬಂದು, ಟಿವಿಯವರು ಕತ್ತರಿ ಆಡಿಸಲು ಒಪ್ಪಿದ್ದರು. ಮನೆಗೆಲಸದಾಕೆಗೆ ಮೂಲದಲ್ಲಿ ದನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್. ಇಲ್ಲಿ ಕೇಳುವುದು ಮುಂದೆ ಟಿವಿಗಾಗಿ ಬೇರೆಯವರಿಂದ ಹೇಳಿಸಿದ ಮಾತು. 1954ರಿಂದ ಎಂಜಿಎಂ ಇವನ್ನು ಸಿನಿಮಾಸ್ಕೋಪಿನಲ್ಲಿಯೂ ಮಾಡತೊಡಗಿತು. ಆ ಅಗಲದ ಚಿತ್ರಗಳ ಎರಡೂ ಬದಿ ಕತ್ತರಿಸಿ ಚೌಕ ಪರದೆಗೆ ತುರುಕಿದ್ದಾರೆ. ಹೊಡೆತ ತಿನ್ನುವವನು ಕಾಣುತ್ತಾನೆ, ಹೊಡೆಯುವವನು ಕಾಣುವುದಿಲ್ಲ.

ಲೆಕ್ಕ ತುಂಬಿಸಲು ಅಮೆರಿಕದ ನಿರ್ದೇಶಕ ಜೀನ್ ಡೈಚ್ ಪ್ರಾಗ್‌ನಲ್ಲಿ 1961–62ರಲ್ಲಿ ಮಾಡಿಸಿದ 13 ಕಾರ್ಟೂನುಗಳನ್ನೂ ಸೇರಿಸಿದ್ದಾರೆ. ಬಾವಿಯೊಳಗಿನಿಂದ ಬಂದಂಥ ಅವುಗಳ ಸದ್ದು ನನಗೆ ಇಷ್ಟವೇ, ಬಹಳ ಜನ ಬೈಯುತ್ತಾರೆ. ಆದರೆ ಅವು ಆ 114ರ ಲೆಕ್ಕಕ್ಕೆ ಸೇರಿದವಲ್ಲ.

ಹೆಚ್ಚು ಸಿಟ್ಟು ಬಂದದ್ದು ‘ಮೌಸ್ ಕ್ಲೀನಿಂಗ್’ ಮತ್ತು ‘ಕ್ಯಾಸನೋವಾ ಕ್ಯಾಟ್’ ಹೆಸರು ಕಂಡು. 1948 ಮತ್ತು 1951ರ ಈ ಎರಡನ್ನು ಅವುಗಳಲ್ಲಿನ ಜನಾಂಗೀಯ ಗೇಲಿಯ ಕಾರಣಕ್ಕೆ 2007ರ ಅಧಿಕೃತ ಅಮೆರಿಕನ್ ಡಿವಿಡಿಯಿಂದ ಕೈಬಿಟ್ಟಿದ್ದರು. 2013ಕ್ಕೆ ಘೋಷಿಸಿದ್ದ ಇನ್ನೊಂದು ಸಂಪುಟದಲ್ಲಿಯೂ ಇವಿರಲಿಲ್ಲ. ಸಂಗ್ರಾಹಕರು ಗಲಾಟೆ ಮಾಡಿದ ಮೇಲೆ ಆ ಸಂಪುಟವೇ ಬರಲಿಲ್ಲ. ಹೀಗಿರುವಾಗ ಆ ಕಾಲದ ಡಿವಿಡಿ ಎಂದು ಹೇಳಿ ‘ಎಲ್ಲವೂ ಇದೆ’ ಎಂದರೆ ಅಲ್ಲೇ ಅನುಮಾನಿಸಬೇಕು. ಪೆಟ್ಟಿಗೆಯ ಪಟ್ಟಿಯಲ್ಲಿ ಎರಡೂ ಇದ್ದವು. ಹಾಕಿ ನೋಡಿದರೆ, ಮೊದಲ ಡಿಸ್ಕಿನಲ್ಲಿದ್ದ ಕಾರ್ಟೂನುಗಳೇ ಹೊಸ ಹೆಸರಿನಲ್ಲಿ ಮತ್ತೆ ಬಂದವು.

ಮಾರಾಟಗಾರನಿಗೆ ಫೋನ್ ಮಾಡಿದೆ. “ಸರ್, ಚಿತ್ರ ಬರುತ್ತಿದೆ ತಾನೇ? ಮಕ್ಕಳು ನೋಡುತ್ತಾರೆ, ಬಿಡಿ” ಎಂದ. ವಾಪಸು ಒಯ್ಯಲು ಬಂದ ಕೊರಿಯರ್ ಹುಡುಗ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, “ಪ್ಲಾಸ್ಟಿಕ್ ಕವರ್ ಹರಿದಿದೆ, ತೆಗೆದುಕೊಳ್ಳಲು ಬರುವುದಿಲ್ಲ” ಎಂದ.

“ಕವರ್ ಹರಿಯದೆ ಡಿಸ್ಕು ನೋಡುವುದು ಹೇಗಪ್ಪಾ?”

“ನನಗೆ ಗೊತ್ತಿಲ್ಲ ಸರ್, ಮೊಬೈಲಿನಲ್ಲಿ ಹಾಗೇ ಬಂದಿದೆ.”

ಬಿಸಿಲಿನಲ್ಲಿ ಬೆವರುತ್ತ ನಿಂತ ಅವನೊಂದಿಗೆ ಜಗಳವಾಡಿ ಫಲವಿರಲಿಲ್ಲ. ನೀರು ಕೊಟ್ಟು ಕಳಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ದುಡ್ಡು ಬಂತು, ಅದೂ ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಟ್ಟಿದ್ದರಿಂದ. ಕೈಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿಯನ್ನು ನಂಬಬೇಡಿ. ದುಡ್ಡು ಎಣಿಸಿಕೊಳ್ಳುವ ಮುಂಚೆ ಬಿಚ್ಚಲು ಬಿಡುವುದಿಲ್ಲ. ಬರಿಯ ಫೋಟೋ ಸಾಲದು ಎಂಬುದು ತೋರಣಗಲ್ಲಿನ ಗೆಳೆಯನ ಸಲಹೆ. ಆ ದಿನದ ದಿನಪತ್ರಿಕೆಯ ಮೇಲೆ ಆರೂ ಡಿಸ್ಕುಗಳನ್ನು ಮಗುಚಿಟ್ಟು ಫೋಟೋ ಕಳಿಸಲು ಅವನು ಕೇಳುತ್ತಾನೆ. ಅಸಲಿ ಮಾಲು ಇರುವವರು ಗೊಣಗುತ್ತಲಾದರೂ ಕಳಿಸುತ್ತಾರಂತೆ, ಉಳಿದವರು ಉತ್ತರವನ್ನೇ ಕೊಡುವುದಿಲ್ಲವಂತೆ.

ಆ ಪೆಟ್ಟಿಗೆ ಈಗ ಬೇರೆ ಅಂಗಡಿಯ ಹೆಸರಿನಲ್ಲಿ ಮತ್ತೆ ಮಾರಾಟಕ್ಕೆ ಬಂದಿದೆ. ಫೋಟೋ ಬದಲಾಗಿಲ್ಲ: ನೀಲಿ ಮುಚ್ಚಳ, ಕೆಳಗೆ ಕರಿ ಗ್ರಾನೈಟ್ ಕಟ್ಟೆ, ಬಲಕ್ಕೆ ಅರ್ಧ ಕಾಣುವ ಸ್ಟೀಲ್ ಲೋಟ. ಬೆಲೆ ಮಾತ್ರ 2,800ಕ್ಕೆ ಇಳಿದಿದೆ.