ಇಯಾಸಾ ಸದಸ್ಯತ್ವ: ಡಾಲರ್ ಕಟ್ಟುವ ಮೊದಲು

ಮಂಗಳೂರಿನಲ್ಲಿ ‘ನಾನು ಆರ್ಕಿಟೆಕ್ಟ್’ ಅಂದರೆ ಎದುರಿನವರು ಮನೆ ಪ್ಲಾನಿನ ರೇಟು ಕೇಳುತ್ತಾರೆ. ಅವರದ್ದು ತಪ್ಪೂ ಅಲ್ಲ. ಕಟ್ಟಡದ ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ನೋಂದಣಿಗೆ ಕೌನ್ಸಿಲ್ ಇದೆ. ಸಾಫ್ಟ್‌ವೇರ್ ವ್ಯವಸ್ಥೆಯನ್ನು ಹೇಗೆ ಕಟ್ಟಬೇಕೆಂದು ನಿರ್ಧರಿಸುವ ಐಟಿ ಆರ್ಕಿಟೆಕ್ಟ್‌ಗೆ ಅದ್ಯಾವುದೂ ಇಲ್ಲ. ಅಪ್ರೈಸಲ್ ಪತ್ರದಲ್ಲಿ ಡೆಸಿಗ್ನೇಶನ್ ಬದಲಾದರೆ ಮುಗಿಯಿತು. ಈ ಖಾಲಿ ಜಾಗ ತುಂಬಲು ಹೊರಟ ಸಂಘವೇ ಇಯಾಸಾ (Iasa). 2002ರಲ್ಲಿ ಅಮೆರಿಕದ ಆಸ್ಟಿನ್ ಪಟ್ಟಣದಲ್ಲಿ ಪಾಲ್ ಪ್ರೈಸ್ ಹುಟ್ಟುಹಾಕಿದ್ದು. ಕೊಟ್ಟಾರ, ಮುಡಿಪು, ಮಣಿಪಾಲದ ಆಫೀಸುಗಳಲ್ಲಿ ಟೆಕ್ ಲೀಡ್ ಆಗಿ ಕೆಲವು ವರ್ಷ ಕಳೆದವರು ಇದಕ್ಕೆ ದುಡ್ಡು ಕಟ್ಟಬೇಕೇ?

ಬರೀ ಓದುವುದಕ್ಕಾದರೆ ಬೇಡ. ಸಂಘದ ಜ್ಞಾನಕೋಶ ‘ಬಿಟಿಎಬಾಕ್’ (BTABoK) ಸದಸ್ಯರಲ್ಲದವರಿಗೂ ಪುಕ್ಕಟೆ. ಇಯಾಸಾ ಹಿಂದಿನಿಂದ ಹೇಳುತ್ತ ಬಂದ ಐದು ಕಂಬಗಳು ಇವು: ಬಿಸಿನೆಸ್ ಟೆಕ್ನಾಲಜಿ ಸ್ಟ್ರಾಟಜಿ, ಐಟಿ ಎನ್ವಿರಾನ್‌ಮೆಂಟ್, ಕ್ವಾಲಿಟಿ ಆಟ್ರಿಬ್ಯೂಟ್ಸ್, ಡಿಸೈನ್, ಹ್ಯೂಮನ್ ಡೈನಾಮಿಕ್ಸ್ (ಜನರೊಡನೆ ವ್ಯವಹರಿಸಿ ಒಪ್ಪಿಸುವ ಕಲೆ). ನಮ್ಮ ಕಡೆಯ ಎಂಜಿನಿಯರ್‌ಗಳು ನಾಲ್ಕನೆಯದರಲ್ಲಿ ಗಟ್ಟಿ. ಒಂದು ಮತ್ತು ಐದರಲ್ಲಿ ತಡವರಿಸುತ್ತಾರೆ. ಕ್ಲೈಂಟ್ ವಿದೇಶದಲ್ಲಿದ್ದು, ವ್ಯವಹಾರದ ಮಾತುಕತೆ ಅಲ್ಲೇ ಮುಗಿದು, ಇಲ್ಲಿಗೆ ಬರುವುದು ‘ಇದನ್ನು ಮಾಡಿ’ ಎನ್ನುವ ಕೆಲಸದ ಚೀಟಿ (ಟಿಕೆಟ್) ಮಾತ್ರ ಆದಾಗ ಇನ್ನೇನಾದೀತು!

ದುಡ್ಡಿಗೆ ಬೆಲೆ ಬರುವುದು ಪ್ರಮಾಣಪತ್ರದ ಹಾದಿಯಲ್ಲಿ. ಇಯಾಸಾದ ಪ್ರಮಾಣಪತ್ರಗಳ ಹೆಸರು ಸಿಟಾ (CITA). ಕೆಳಹಂತದ ಸಿಟಾ-ಎಫ್ ಮತ್ತು ಸಿಟಾ-ಎ ಬಹು ಆಯ್ಕೆಯ ಪರೀಕ್ಷೆಗಳು, ಓದಿದರೆ ಪಾಸು. ಮೇಲಿನ ಹಂತದ ಸಿಟಾ-ಪಿ ಮಾತ್ರ ಬೇರೆಯೇ ಜಾತಿ. ಅಲ್ಲಿ ಅನುಭವಿ ಆರ್ಕಿಟೆಕ್ಟ್‌ಗಳ ಮಂಡಳಿ ಎದುರು ಕೂತು, ನೀವು ಮಾಡಿದ ಕೆಲಸವನ್ನು ಬಿಚ್ಚಿ ಬಿಚ್ಚಿ ಕೇಳುತ್ತದೆ.

ಸಹಕಾರಿ ಸಂಘವೊಂದರ ಪಿಗ್ಮಿ ಆ್ಯಪ್ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. (ಪಿಗ್ಮಿ 1928ರಲ್ಲಿ ಹುಟ್ಟಿದ್ದೇ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಲ್ಲಿ.) ‘ಮೈಕ್ರೋಸರ್ವಿಸ್, ಕಾಫ್ಕಾ, ಕುಬರ್ನೆಟೀಸ್ ಬಳಸಿದೆವು’ ಎಂದು ತಂತ್ರಜ್ಞಾನಗಳ ಹೆಸರು ಹೇಳಿದರೆ ಅದು ಬರೀ ಸಾಮಾನು ಚೀಟಿ. ಹೆಬ್ರಿ ಕಡೆ ನೆಟ್‌ವರ್ಕ್ ಹೋದರೂ ಏಜೆಂಟ್ ರಸೀದಿ ಕೊಡಲೇಬೇಕು. ಹಾಗಾಗಿ ಲೆಕ್ಕ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ಸರ್ವರಿಗೆ ಹೋಗಬೇಕು. ಹೋದದ್ದು ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಫೋನು ಅದನ್ನೇ ಮತ್ತೆ ಕಳಿಸುತ್ತದೆ. ಗೂಡಂಗಡಿಯವರ ಖಾತೆಗೆ 200 ರೂಪಾಯಿ ಎರಡು ಸಲ ಜಮೆ. ಮಂಡಳಿ ಕೇಳುವುದು ಇದನ್ನು: ಪ್ರತಿ ರಸೀದಿಗೂ ಫೋನಿನಲ್ಲೇ ಒಂದು ಐಡಿ ಕೊಟ್ಟು, ಅದೇ ಐಡಿ ಮತ್ತೆ ಬಂದರೆ ಸರ್ವರ್ ಜಮೆ ಮಾಡದೆ ಹಳೆಯ ಉತ್ತರವನ್ನೇ ಮರಳಿಸುವಂತೆ ಮಾಡಿದ್ದು ಯಾರ ನಿರ್ಧಾರ? ಬೇರೆ ದಾರಿ ಏನಿತ್ತು? ಏನನ್ನು ಬಿಟ್ಟುಕೊಟ್ಟಿರಿ? ಇಲ್ಲಿ ಬಿಟ್ಟುಕೊಟ್ಟದ್ದು, ಸಂಜೆವರೆಗೆ ಶಾಖೆಯಲ್ಲಿ ಕಾಣುವ ಮೊತ್ತ ಪಕ್ಕಾ ಅಲ್ಲ ಎಂಬುದು. ಅದಕ್ಕೆ ಮ್ಯಾನೇಜರನ್ನು ಒಪ್ಪಿಸಿದ ಬಗೆಯೇ ಆ ಐದನೆಯ ಕಂಬ.

ಸಿಟಾ-ಪಿ ಅರ್ಜಿಗಳು ಸೊರಗುವುದು ಸಾಮಾನ್ಯವಾಗಿ ಮೂರು ಕಡೆ. ‘ಮಾಡಿದೆವು’ ಎಂದೇ ಬರೆದು ‘ನಾನು ನಿರ್ಧರಿಸಿದೆ’ ಎಂಬುದು ಎಲ್ಲೂ ಇಲ್ಲದಿರುವುದು ಮೊದಲನೆಯದು. ‘ವೇಗವಾಗಿದೆ’ ಎಂದು ಬರೆದು ಅಂಕಿ ಕೊಡದಿರುವುದು ಎರಡನೆಯದು. 100 ಕರೆಗಳಲ್ಲಿ 95ಕ್ಕೆ ಎಷ್ಟು ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತದೆ ಎಂದು ಬರೆಯಿರಿ. ಮೂರನೆಯದು ಎನ್‌ಡಿಎ, ಅಂದರೆ ಕ್ಲೈಂಟ್ ಜತೆಗಿನ ಗೋಪ್ಯತೆ ಒಪ್ಪಂದ. ಕ್ಲೈಂಟ್ ಹೆಸರು, ಸ್ಕ್ರೀನ್‌ಶಾಟ್ ತೆಗೆದು ‘ಒಂದು ವಿಮಾ ಕಂಪನಿ’ ಎಂದು ಬರೆದರೆ ಸಾಕು, ಆದರೆ ಆಫೀಸಿನ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಪ್ರಾಜೆಕ್ಟ್ ನಡೆಯುವಾಗಲೇ ಪ್ರತಿ ನಿರ್ಧಾರಕ್ಕೂ ಅರ್ಧ ಪುಟದ ಟಿಪ್ಪಣಿ ಇಟ್ಟವರಿಗೆ ಈ ಕೆಲಸ ಒಂದು ವಾರಾಂತ್ಯದ್ದು. ಇಡದವರು ಹಳೆಯ ಮೇಲ್ ಹುಡುಕುತ್ತ ತಿಂಗಳು ಕಳೆಯುತ್ತಾರೆ.

ಹಣ ಕಟ್ಟುವಾಗಿನ ಎಡವಟ್ಟು ಬೇರೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಆಫ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ಆನ್ ಮಾಡಿ, ಮಿತಿ ಹಾಕಿ, ಕಟ್ಟಿ, ಮತ್ತೆ ಆಫ್ ಮಾಡಿ. ಡಾಲರ್ ದರದ ಮೇಲೆ ಕಾರ್ಡ್ ನೋಡಿಕೊಂಡು ಸಾಮಾನ್ಯವಾಗಿ ಶೇ 2ರಿಂದ 3.5 ಮಾರ್ಕಪ್ (ಬ್ಯಾಂಕಿನ ಹೆಚ್ಚುವರಿ ಶುಲ್ಕ), ಆ ಮಾರ್ಕಪ್‌ಗೆ ಶೇ 18 ಜಿಎಸ್‌ಟಿ. ಆಫೀಸಿನಿಂದ ದುಡ್ಡು ವಾಪಸು ಪಡೆಯುವವರು ಇನ್‌ವಾಯ್ಸ್ ಜತೆ ಕಾರ್ಡ್ ಸ್ಟೇಟ್‌ಮೆಂಟನ್ನೂ ಕೊಡಬೇಕು, ಇಲ್ಲವಾದರೆ ಈ ವ್ಯತ್ಯಾಸ ಕೈಯಿಂದಲೇ ಹೋಗುತ್ತದೆ.

ಆಸ್ಟಿನ್‌ನ ಬೆಳಗ್ಗೆ 11ರ ವೆಬಿನಾರ್ ನಮಗೆ ರಾತ್ರಿ 9.30, ಅಲ್ಲಿಯ ಚಳಿಗಾಲದಲ್ಲಿ 10.30. ಮಳೆಗಾಲದಲ್ಲಿ ಮಂಡಳಿ ಸಂದರ್ಶನ ಬಿದ್ದರೆ ರೂಟರಿಗೂ ಯುಪಿಎಸ್ ಇರಲಿ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದ್ದು ವೈಫೈ ಸತ್ತರೆ ಪ್ರಯೋಜನವಿಲ್ಲ.

ಹೆಸರು ಕೇಳಿದೊಡನೆ ಗುರುತಿಸಬೇಕು ಎನ್ನುವವರಿಗೆ ‘ದಿ ಓಪನ್ ಗ್ರೂಪ್’ ಸಂಸ್ಥೆಯ ಟೋಗಾಫ್ (TOGAF) ಪ್ರಮಾಣಪತ್ರ ಸರಿ. ಮೊದಲ ಭಾಗ 40 ಪ್ರಶ್ನೆ, 60 ನಿಮಿಷ. ಎರಡನೆಯದು 8 ಸನ್ನಿವೇಶ, 90 ನಿಮಿಷ, ಪುಸ್ತಕ ನೋಡಬಹುದು. ಎರಡರಲ್ಲೂ ಶೇ 60 ಬೇಕು. ಆದರೆ ಅದು ಚೌಕಟ್ಟನ್ನು ಓದಿದ್ದಕ್ಕೆ ಸಾಕ್ಷಿ, ಕೆಲಸ ಮಾಡಿದ್ದಕ್ಕಲ್ಲ. ಮುಖಾಮುಖಿ ಒಡನಾಟ ಬೇಕಾದವರಿಗೆ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಘ ಐಇಇಇಯ ಮಂಗಳೂರು ಉಪವಿಭಾಗ ಹತ್ತಿರ, ಆರ್ಕಿಟೆಕ್ಚರ್‌ಗೆಂದೇ ಇರುವ ಸಂಘ ಮಾತ್ರ ಅದಲ್ಲ.

ಹೇಳುವ ಪ್ರಾಜೆಕ್ಟ್ ಕೈಯಲ್ಲಿದ್ದು, ಒಂದು ವರ್ಷದೊಳಗೆ ಸಿಟಾ-ಪಿಗೆ ಕೂರುವವರು ಸೇರಿ. ಉಳಿದವರಿಗೆ ಬಿಟಿಎಬಾಕ್ ಸಾಕು. ಸೇರಿದವರು ನವೀಕರಣದ ದಿನವನ್ನು ಕ್ಯಾಲೆಂಡರಿಗೆ ಹಾಕಿಕೊಳ್ಳಿ: 2021ರ ಇ-ಮ್ಯಾಂಡೇಟ್ (ಕಾರ್ಡಿನಿಂದ ಆಗಾಗ ಹಣ ಕಡಿತಕ್ಕೆ ಮೊದಲೇ ಕೊಡುವ ಒಪ್ಪಿಗೆ) ನಿಯಮದ ಬಳಿಕ, ಮ್ಯಾಂಡೇಟ್ ನೋಂದಾಯಿಸದ ವಿದೇಶಿ ಸಂಸ್ಥೆ ಕಾರ್ಡಿನಿಂದ ತಾನಾಗಿ ಹಣ ಎಳೆಯಲು ನೋಡಿದರೆ ಬ್ಯಾಂಕ್ ತಡೆಯುತ್ತದೆ.